ನಮ್ಮ ಮನೆಯಲ್ಲಿ ದಿನಾ ಸೋಮವಾರ

ಅಪ್ಪನ ಕಾಲಿನಲ್ಲಿ ಗುಂಡುಸೂಜಿ ಇತ್ತು.

ಅದು ಅಪ್ಪನಿಗೆ ಗೊತ್ತಿರಲಿಲ್ಲ.

ಕನ್ನಡನಾಡೆಲ್ಲ ಒಂದೇ ರಾಜ್ಯವಾದ ಮರುವರ್ಷ, ಆಷಾಢದ ಒಂದು ಸಂಜೆ. ನಜರ್‌ಬಾದಿನ ನಮ್ಮ ಹೊಲಿಗೆ ಅಂಗಡಿಯಿಂದ ನಡೆದು ಬಂದ ಅಪ್ಪ, ಲಿಂಗಪೂಜೆಗೆ ಕೂರುವ ಮೊದಲು ಹಿತ್ತಲ ಕಲ್ಲಿನ ಮೇಲೆ ನಿಂತು ಕಾಲು ತೊಳೆಯುತ್ತಿದ್ದರು. ನಾನು ಚೊಂಬಿನಲ್ಲಿ ನೀರು ಹುಯ್ಯುತ್ತಿದ್ದೆ. ಬಲಗಾಲು ಎತ್ತಿದಾಗ ಹೆಬ್ಬೆರಳ ಬುಡದಲ್ಲಿ ಏನೋ ಮಿನುಗಿತು. ನೀರಿನ ಹನಿ ಅಂದುಕೊಂಡೆ. ಇನ್ನೊಂದು ಚೊಂಬು ಹುಯ್ದೆ. ಹನಿ ಅಲ್ಲೇ ಇತ್ತು.

"ಅಪ್ಪಾಜಿ, ಕಾಲಲ್ಲಿ ಸೂಜಿ ಅದೆ."

"ತಮಾಷೆ ಸಾಕು. ನೀರು ಹುಯ್ಯಿ."

ತಪ್ಪು ಅವರದಲ್ಲ. ಹಿಂದಿನ ವಾರವಷ್ಟೇ ಅದೇ ಕಲ್ಲಿನ ಮೇಲೆ ಅವರು ನಿಂತಿದ್ದಾಗ, ಅವ್ವನ ದನಿಯಲ್ಲಿ "ಚೇಳು!" ಎಂದು ಕಿರುಚಿ ಅವರನ್ನು ಕುಣಿಸಿದ್ದೆ. ಹಾಗಾಗಿ ಮಾತು ಬಿಟ್ಟು ಕೈ ಹಾಕಿದೆ. ಸೂಜಿಯ ತಲೆಯನ್ನು ಉಗುರಿನಲ್ಲಿ ಹಿಡಿದು ಎಳೆದೆ. ಪೂರ್ತಿ ಸೂಜಿ ಬಂತು. ಅಪ್ಪ ಹಾ ಅನ್ನಲಿಲ್ಲ, ಹೂ ಅನ್ನಲಿಲ್ಲ. ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು.

"ನಮ್ಮ ಅಂಗಡೀದೇ ಕಣೋ" ಎಂದರು.

"ನೋವಾಗ್ಲಿಲ್ವಾ?"

"ಇಲ್ವಲ್ಲ." ಬೆರಳನ್ನು ಒತ್ತಿ ನೋಡಿ ಇನ್ನೊಂದು ಸಲ, ಬೇರೆ ದನಿಯಲ್ಲಿ, "ಇಲ್ವಲ್ಲೋ."

ಇದನ್ನು ಬರೆಯುತ್ತಿರುವ ನಾನು ಮಾದೇವ. ಟೈಲರ್ ನಂಜಪ್ಪನವರ ಒಬ್ಬನೇ ಮಗ. ಅವರ ಅಂಗಡಿಯಲ್ಲಿ ಕಾಜಾ ಹಾಕುತ್ತೇನೆ, ಗುಂಡಿ ಹೊಲಿಯುತ್ತೇನೆ. ಅದು ಹೊಟ್ಟೆಪಾಡು. ನಿಜವಾದ ಉದ್ಯೋಗ ಬೇರೆ: ಯಾರು ಕಣ್ಣಿಗೆ ಬಿದ್ದರೂ ಅವರ ಹಾಗೆ ಮಾತಾಡುವುದು, ನಡೆಯುವುದು. ಕೋಟಿನ ಅಳತೆಗೆ ಬಂದ ಹೆಡ್‌ಮಾಸ್ಟರು ಟೇಪು ಕಂಡೊಡನೆ ಹೊಟ್ಟೆ ಒಳಗೆಳೆದುಕೊಂಡು, ಉಸಿರು ಬಿಡದೆ "ಎಷ್ಟು?" ಎಂದು ಕೇಳುವುದನ್ನು ನಾನು ಮಾಡಿ ತೋರಿಸಿದರೆ ಬೀದಿಯೇ ನಗುತ್ತದೆ. ಬೀದಿಯಲ್ಲಿ ನನಗೆ ಗಿಣಿ ಎಂದು ಹೆಸರು. ಮೂಗು ನೋಡಿದರೆ ಆ ಹೆಸರು ಇಡಲು ದನಿಯ ಅಗತ್ಯವೂ ಇರಲಿಲ್ಲ.

ನಗದೇ ಇದ್ದವರು ಒಬ್ಬರೇ, ಅಪ್ಪ. "ಊರೋರ ದನಿಯೆಲ್ಲಾ ಮಾಡ್ತೀಯ, ನಿಂದು ಯಾವುದೋ?" ಎನ್ನುತ್ತಿದ್ದರು. ನಾನು ಅಣಕಿಸಲಾಗದೆ ಸೋತವರೂ ಅವರೊಬ್ಬರೇ. ಅಣಕಿಸಲು ಮಾತು ಬೇಕಲ್ಲ. ಅವರ ಮಾತೆಲ್ಲ ಮಿಷನ್ನಿನ ಪೆಡಲಿನಲ್ಲಿತ್ತು. ಸಿಟ್ಟು ಬಂದರೆ ಟಕಟಕ, ಸಮಾಧಾನವಿದ್ದರೆ ಸರಸರ. ಮೂವತ್ತು ವರ್ಷ ಆ ಪೆಡಲನ್ನು ಬರಿಗಾಲಲ್ಲೇ ತುಳಿದಿದ್ದರು. ನೆಲದ ಮೇಲಿನ ಸೂಜಿ ಹೇಗೋ ಕಾಲಿಗೆ ಹೊಕ್ಕಿತ್ತು. ಅದನ್ನು ತುಳಿದುಕೊಂಡೇ ದಿನವಿಡೀ ಹೊಲಿದಿದ್ದರು.

ಸೂಚನೆಗಳು ಮೊದಲೇ ಬಂದಿದ್ದವು. ನಾವು ನೋಡಲಿಲ್ಲ ಅಷ್ಟೆ. ರಾತ್ರಿ ತಲೆದೆಸೆಯಲ್ಲಿಟ್ಟ ತಂಬಿಗೆ ನೀರು ಬೆಳಗಿನ ಹೊತ್ತಿಗೆ ಖಾಲಿ. ಹಿತ್ತಲಿಗೆ ನಾಲ್ಕು ಸಲ ಓಡಾಟ. ಎಲ್ಲಕ್ಕಿಂತ ದೊಡ್ಡ ಸೂಚನೆ ಅಪ್ಪನ ಸ್ವಂತ ಕೋಟು. ಯುಗಾದಿಯಿಂದ ಆಷಾಢದೊಳಗೆ ಅದರ ಹೊಲಿಗೆಯನ್ನು ಮೂರು ಸಲ ಬಿಚ್ಚಿ, ಒಳಗೆ ಹಿಡಿದು ಚಿಕ್ಕದು ಮಾಡಿದ್ದರು. "ಈ ಮಿಲ್ ಬಟ್ಟೆ ಸರಿ ಇಲ್ಲ, ಹಿಗ್ತಾ ಅದೆ" ಎಂದು ಬಟ್ಟೆಯನ್ನು ಬೈದಿದ್ದರು. ಊರಿನವರ ಎದೆ, ಸೊಂಟ, ತೋಳು ಬಾಯಿಪಾಠ ಇದ್ದ ಮನುಷ್ಯ, ತಾನೇ ಕರಗುತ್ತಿರುವುದನ್ನು ಬಟ್ಟೆಯ ತಲೆಗೆ ಕಟ್ಟಿದ್ದರು.

ಮೂರು ದಿನಕ್ಕೆ ಹೆಬ್ಬೆರಳು ಊದಿಕೊಂಡಿತು. ಜಟಕಾ ಮಾಡಿಕೊಂಡು ಡಾಕ್ಟರ್ ವೆಂಕಟರಾಯರ ಹತ್ತಿರ ಹೋದೆವು. ರಾಯರು ಎರಡು ಮಾತಿಗೊಮ್ಮೆ ಕೆಮ್ಮಿ, ಕನ್ನಡಕ ತೆಗೆದು, ಅದಕ್ಕೆ ಹಾ ಎಂದು ಉಸಿರೂದಿ ಒರೆಸಿ, "ಅಂಡರ್‌ಸ್ಟ್ಯಾಂಡ್?" ಎನ್ನುವವರು. ಬಾಗಿಲಲ್ಲಿ ಕಾಲಿಡುವ ಮುಂಚೆಯೇ ನನ್ನ ಗಂಟಲು ಅವರಿಗಾಗಿ ತಯಾರಾಗಿತ್ತು.

ಅವರು ಅಪ್ಪನನ್ನು ಮಲಗಿಸಿ ಕಣ್ಣು ಮುಚ್ಚಿಸಿದರು. ಹತ್ತಿಯ ಎಳೆಯೊಂದನ್ನು ಹೆಬ್ಬೆರಳಿಗೆ ಸವರಿದರು. "ಮುಟ್ಟಿದ್ದು ಗೊತ್ತಾದ ಕೂಡಲೆ ಹೇಳಿ" ಎಂದರು. ಆಮೇಲೆ ಪೆನ್ನಿನ ತುದಿ ಒತ್ತಿದರು. ಅಪ್ಪ ಕಣ್ಣು ಮುಚ್ಚಿಕೊಂಡು ಕಾದರು. ಕಾದರು. ಕೊನೆಗೆ ಬಹಳ ಮರ್ಯಾದೆಯಿಂದ ಹೇಳಿದರು:

"ಮುಟ್ಟಿ ಸ್ವಾಮಿ, ನಾನು ತಯಾರಿದೀನಿ."

ರಾಯರನ್ನು ಅಣಕಿಸುವುದು ನನಗೆ ಮರೆತೇಹೋಯಿತು.

ಕಾಂಪೌಂಡರ್ ಸಿದ್ದಪ್ಪ ಟೆಸ್ಟ್ ಟ್ಯೂಬಿನಲ್ಲಿ ಒಂದಿಷ್ಟು ನೀಲಿ ಸೊಲ್ಯೂಷನ್ ಹಾಕಿದ. ಅದಕ್ಕೆ ಅಪ್ಪನ ಮೂತ್ರ ಎಂಟು ತೊಟ್ಟು. ಸ್ಪಿರಿಟ್ ದೀಪದ ಮೇಲೆ ಹಿಡಿದ. ನೀಲಿ ಕಲಕಿತು, ಹಸಿರಾಯಿತು, ಹಳದಿಯಾಯಿತು, ನೋಡನೋಡುತ್ತ ಹಂಚಿನ ಕೆಂಪಿಗೆ ತಿರುಗಿ ಹಾಗೇ ನಿಂತಿತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಇಷ್ಟು ವರ್ಷ ಏನೂ ಹೇಳದ ಅಪ್ಪನ ಮೈ ಬಣ್ಣದಲ್ಲಿ ಮಾತಾಡುತ್ತಿತ್ತು.

"ಡಯಾಬಿಟಿಸ್. ಸಕ್ಕರೆ ಕಾಯಿಲೆ" ಎಂದರು ರಾಯರು. "ದಿನಾ ಬೆಳಗ್ಗೆ ಸಿದ್ದಪ್ಪ ಬಂದು ಇನ್ಸುಲಿನ್ ಚುಚ್ತಾನೆ. ಗಾಯಕ್ಕೆ ಪೆನಿಸಿಲಿನ್. ಪೆಡಲ್ ತುಳಿಯಕೂಡದು. ಸಕ್ಕರೆ ಬಿಡಿ, ಬೆಲ್ಲ ಬಿಡಿ, ಅನ್ನ ಬಿಡಿ. ಅಂಡರ್‌ಸ್ಟ್ಯಾಂಡ್?" ನನ್ನ ಕಡೆ ತಿರುಗಿದರು. "ಟೆಸ್ಟ್ ಮಾಡೋದು ಕಲ್ತ್ಕೋ. ದಿನಾ ಬಣ್ಣ ನೋಡಬೇಕು. ಕೆಂಪಾದ್ರೆ ಸಕ್ಕರೆ ಜಾಸ್ತಿ, ನೀಲಿಯಾಗೇ ಉಳಿದ್ರೆ ಇಲ್ಲ. ಸಕ್ಕರೆ ಇಳಿದ್ರೆ ಗಾಯ ಮಾಗುತ್ತೆ. ಇಳೀದಿದ್ರೆ ಬೆರಳು ತೆಗೀಬೇಕಾಗುತ್ತೆ. ಬೆರಳಿಗೇ ನಿಂತ್ರೆ ಪುಣ್ಯ."

ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ನಾವು ಎದ್ದೆವು.

ಮನೆಯಲ್ಲಿ ಅವ್ವ ಎಲ್ಲ ಕೇಳಿ ಕಣ್ಣೊರೆಸಿಕೊಂಡಳು. ಆಮೇಲೆ ಊಟದ ವಿಚಾರ ಬಂದಾಗ ಅವಳ ಮುಖ ಸ್ವಲ್ಪ ಅರಳಿತು.

"ಅನ್ನ ಬಿಡೋದು ತಾನೆ? ನಮಗೇನು ಹೊಸದಾ? ಸೋಮವಾರ ಸೋಮವಾರ ಬಿಡ್ತಾನೇ ಇದೀವಿ. ಇನ್ಮೇಲೆ ದಿನಾ ಸೋಮವಾರ ಅಂದ್ಕೊಂಡ್ರಾಯ್ತು."

ಸೋಮವಾರ ನಮ್ಮಲ್ಲಿ ಒಪ್ಪತ್ತು. ಹಗಲು ಒಂದು ಊಟ, ರಾತ್ರಿ ಅನ್ನ ಮುಟ್ಟುವಂತಿಲ್ಲ, ಫಲಾಹಾರ. ಫಲಾಹಾರ ಅಂದರೆ ಬರೀ ಹಣ್ಣು ಎಂದುಕೊಂಡವರು ನಮ್ಮ ಮನೆಗೆ ಬಂದಿಲ್ಲ ಎಂದೇ ಅರ್ಥ. ಅಕ್ಕಿ ಅಗುಳಾಗಿ ಕಾಣಬಾರದು, ಅಷ್ಟೇ ನಿಯಮ. ಅದೇ ಅಕ್ಕಿ ರೊಟ್ಟಿಯ ವೇಷದಲ್ಲಿ, ದೋಸೆಯ ವೇಷದಲ್ಲಿ, ಅವಲಕ್ಕಿ, ಒತ್ತು ಶ್ಯಾವಿಗೆಯ ವೇಷದಲ್ಲಿ ಬಂದರೆ ಶಿವನೂ ಗುರುತು ಹಿಡಿಯದ ಹಾಗೆ ಸುಮ್ಮನಿರುತ್ತಾನೆ. ಜೊತೆಗೆ ಉಪ್ಪಿಟ್ಟು. ಮೇಲೆ ಎರಡು ಬಾಳೆಹಣ್ಣು, ಒಂದು ಲೋಟ ಹಾಲು. ಸೋಮವಾರದ ಉಪವಾಸಕ್ಕಾಗಿ ನಾನು ಭಾನುವಾರದಿಂದಲೇ ಹಸಿದುಕೊಂಡಿರುತ್ತಿದ್ದೆ.

ಹೀಗೆ ನಮ್ಮ ಮನೆಗೆ ದಿನಾ ಸೋಮವಾರ ಬಂತು. ಬೆಳಗ್ಗೆ ದೋಸೆ, ಮಧ್ಯಾಹ್ನ ಅಕ್ಕಿ ರೊಟ್ಟಿ, ರಾತ್ರಿ ಅವಲಕ್ಕಿಯೋ ಉಪ್ಪಿಟ್ಟೋ. ಕಾಫಿಗೆ ಸಕ್ಕರೆ ಇಲ್ಲ. ಒಂದಗುಳು ಅನ್ನ ಇಲ್ಲ. ಅನ್ನಬ್ರಹ್ಮನನ್ನು ಬಿಟ್ಟ ದುಃಖಕ್ಕೆ ಅಪ್ಪ ಒಂದೆರಡು ರೊಟ್ಟಿ ಹೆಚ್ಚೇ ತಿನ್ನುತ್ತಿದ್ದರು. ಅವ್ವ ಬಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ತ್ಯಾಗದಲ್ಲಿ ಪಾಲುದಾರನಾಗಿ, ಚೆನ್ನಾಗಿ ಮೈ ತುಂಬಿಕೊಂಡೆ.

ಬೆಳಗಾದರೆ ಬಚ್ಚಲಮನೆ ನನ್ನ ಲೆಬೊರೇಟರಿ. ಮೊದಲ ದಿನ ಟ್ಯೂಬನ್ನು ನೆಟ್ಟಗೆ ಹಿಡಿದು ಕಾಯಿಸಿದ್ದರಿಂದ ಅದು ಕುದ್ದು ಚಿಮ್ಮಿ ನನ್ನ ಹಣೆಯ ವಿಭೂತಿಯ ಮೇಲೆಯೇ ಬಿತ್ತು. ಅವ್ವ ಎರಡು ಸಲ ಸ್ನಾನ ಮಾಡಿಸಿದಳು. ಎರಡನೆಯ ದಿನದಿಂದ ಓರೆಯಾಗಿ ಹಿಡಿಯುವುದು ಕಲಿತೆ. ಬಣ್ಣ ಮಾತ್ರ ಏನೂ ಕಲಿಯಲಿಲ್ಲ. ದಿನಾ ಅದೇ ಹಂಚಿನ ಕೆಂಪು.

ಅಪ್ಪ ಮೊದಲ ದಿನವೇ ಟ್ಯೂಬನ್ನು ಕೇಳಿ ಪಡೆದು ಕಿಟಕಿಯ ಬೆಳಕಿನಲ್ಲಿ ತಿರುಗಿಸಿ ನೋಡಿದರು. ಆಮೇಲೆ ತಮ್ಮ ಚೂರುಬಟ್ಟೆಯ ಗಂಟು ಬಿಚ್ಚಿ, ಹುಡುಕಿ ಹುಡುಕಿ, ಸರಿಯಾಗಿ ಅದೇ ಬಣ್ಣದ ಒಂದು ತುಂಡು ತೆಗೆದು, ಬೆರಳಗಲ ಕತ್ತರಿಸಿ, ಗೋಡೆಗೆ ಕಟ್ಟಿದ ದಾರಕ್ಕೆ ಸಿಕ್ಕಿಸಿದರು. ಗಿರಾಕಿಯ ಬಟ್ಟೆಗೆ ದಾರ ಹೊಂದಿಸುವಾಗಿನ ಅದೇ ಶ್ರದ್ಧೆ. ಎರಡನೆಯ ದಿನ ಇನ್ನೊಂದು. ಹತ್ತು ದಿನದಲ್ಲಿ ಹತ್ತು ಕೆಂಪು ಚೂರುಗಳು ಸಾಲಾಗಿ ನೇತಾಡಿದವು. ಪೆಡಲಿನ ಸದ್ದು ಇರಲಿಲ್ಲ. ಅಂಗಡಿಯಲ್ಲಿ ಅಪ್ಪ ಬಟ್ಟೆ ಕತ್ತರಿಸುತ್ತಿದ್ದರು, ಕೂತು ಕೈಹೊಲಿಗೆ ಹಾಕುತ್ತಿದ್ದರು. ಮಿಷನ್ನಿಗೆ ನಾನು ಕೂತರೆ ಹೊಲಿಗೆ ಹಾವಿನ ಹಾಗೆ ಹರಿಯುತ್ತಿತ್ತು.

ರಾಯರು ಹೇಳಿದ ಹಾಗೆ ಸಿದ್ದಪ್ಪ ಇನ್ಸುಲಿನ್ ಹೆಚ್ಚಿಸಿದ. ಬಣ್ಣ ಕದಲಲಿಲ್ಲ.

ಹನ್ನೊಂದನೆಯ ದಿನ ಬ್ಯಾಂಡೇಜು ಬಿಚ್ಚಿದಾಗ ಬೆರಳಿನ ಅಂಚು ಕಪ್ಪಾಗಿತ್ತು.

ರಾಯರು ಅದನ್ನು ನೋಡಿ ಕೆಮ್ಮಲಿಲ್ಲ, ಕನ್ನಡಕ ತೆಗೆಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. "ಒಂದು ವಾರ ನೋಡ್ತೀನಿ ನಂಜಪ್ಪ. ಆಮೇಲೆ ಸರ್ಜನ್ ಹತ್ರ ಕಳಿಸ್ತೀನಿ" ಎಂದರು. "ಪಥ್ಯ ಸರಿಯಾಗಿ ಮಾಡ್ತಿದೀರಾ?"

"ಶಿವನಾಣೆ ಸ್ವಾಮಿ, ಒಂದಗುಳು ಮುಟ್ಟಿಲ್ಲ."

ಅಪ್ಪ ಸುಳ್ಳು ಹೇಳುವವರಲ್ಲ. ರಾಯರಿಗೂ ಗೊತ್ತು. ಇಬ್ಬರೂ ಬೆರಳನ್ನೇ ನೋಡುತ್ತ ಕೂತರು. ಆ ಮೌನ ನನ್ನಿಂದ ತಡೆಯಲಾಗಲಿಲ್ಲ. ಮೌನ ಕಂಡರೆ ಅದಕ್ಕೊಂದು ವೇಷ ಹಾಕುವುದು ನನ್ನ ಹಳೆಯ ರೋಗ. ಸೆರಗು ಸಿಕ್ಕಿಸಿಕೊಳ್ಳುವವನ ಹಾಗೆ ಟವಲು ಸೊಂಟಕ್ಕೆ ಸಿಕ್ಕಿಸಿ, ಅವ್ವನ ದನಿ ತೆಗೆದೆ.

"ಪಥ್ಯ ಅಂದ್ರೆ ಏನ್ ಕೇಳ್ತೀರ ಡಾಕ್ಟ್ರೇ! 'ಬರೀ ಹೊಟ್ಟೇಲಿ ಸೂಜಿ ಚುಚ್ಚಿಸ್ಕೊಂಡಿದೀರಿ, ಇನ್ನೆರಡು ದೋಸೆ ಹಾಕ್ಲಾ? ದೋಸೆ ಏನು ಅನ್ನವಾ? ಪಾಪ, ಮಧ್ಯಾಹ್ನಕ್ಕೆ ರೊಟ್ಟಿ ನಾಲ್ಕೇ ಕಟ್ಟಿದೀನಿ, ಅನ್ನ ಬ್ಯಾರೆ ಇಲ್ಲ, ಜೀವ ಎಂಗೆ ನಿಂತದು? ರಾತ್ರಿಗೆ ಅವಲಕ್ಕಿ ನೆನೆ ಹಾಕಿದೀನಿ ಕಣ್ರೀ...'"

ಸಿದ್ದಪ್ಪ ಕಿಸಕ್ಕೆಂದು ನಕ್ಕ. ರಾಯರೂ ನಕ್ಕರು. ಆಮೇಲೆ ಅವರ ನಗು, ದಾರ ಹರಿದ ಹಾಗೆ, ಪಟ್ಟನೆ ನಿಂತಿತು.

"ಏನಂದೆ? ಮತ್ತೆ ಹೇಳು."

"ಸಾರ್, ತಮಾಷೆಗೆ..."

"ತಮಾಷೆ ಬೇಡ. ನಿಧಾನವಾಗಿ ಹೇಳು. ಎಷ್ಟು ದೋಸೆ? ಎಷ್ಟು ರೊಟ್ಟಿ?"

ಹೇಳಿದೆ. ನನ್ನ ಸ್ವಂತ ದನಿಯಲ್ಲಿ. ಅವರು ತಲೆಯ ಮೇಲೆ ಕೈ ಹೊತ್ತುಕೊಂಡರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ಸಿದ್ದಪ್ಪ, ನಿನ್ನ ಡ್ರಾಯರಲ್ಲಿರೋ ಪುರಿ ತಾ" ಎಂದರು.

"ನಂದ್ಯಾಕೆ ಸಾರ್?" ಎನ್ನುತ್ತಲೇ ಸಿದ್ದಪ್ಪ ಮಂಡಕ್ಕಿಯ ಪೊಟ್ಟಣ ತಂದ. ರಾಯರು ನನಗೊಂದು ಹಿಡಿ, ಅಪ್ಪನಿಗೊಂದು ಹಿಡಿ ಕೊಟ್ಟರು.

"ಬಾಯಿಗೆ ಹಾಕ್ಕೊಳ್ಳಿ. ಅಗೀರಿ. ನಾನು ಹೇಳೋವರೆಗೂ ನುಂಗಬೇಡಿ."

ಅಗಿದೆವು. ನನ್ನ ಬಾಯಿ ಅಷ್ಟು ಹೊತ್ತು ಮಾತಿಲ್ಲದೆ ಆಡಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಪುರಿಯ ಚೂರು ಉಪ್ಪು ಹೋಯಿತು. ಸಪ್ಪೆಯಾಯಿತು. ಹಿಟ್ಟಾಯಿತು. ಇನ್ನೂ ಅಗಿದೆವು. ಆಮೇಲೆ ನಾಲಗೆಯ ಬದಿಯಲ್ಲಿ ಎಲ್ಲಿಂದಲೋ, ಯಾರೋ ಕದ್ದು ತಂದಿಟ್ಟ ಹಾಗೆ, ಸಣ್ಣಗೆ ಸಿಹಿ ಬಂತು.

ಅಪ್ಪನ ದವಡೆ ನಿಂತಿತು. ಅವರಿಗೂ ಬಂದಿತ್ತು.

"ಏನು ರುಚಿ?" ಎಂದರು ರಾಯರು.

"ಸಿಹಿ ಸ್ವಾಮಿ." ಅಪ್ಪ ಪಿಸುಗುಟ್ಟಿದರು. "ಸಕ್ಕರೆ ಹಾಕಿದಾರಾ ಇದಕ್ಕೆ?"

"ಯಾರೂ ಹಾಕಿಲ್ಲ. ನಿಮ್ಮ ಎಂಜಲೇ ಮಾಡಿದ್ದು. ಬಾಯಲ್ಲೇ ಇಷ್ಟಾದ್ರೆ ಹೊಟ್ಟೇಲಿ ಎಷ್ಟಾಗಬೇಡ? ಅಕ್ಕಿ, ಗೋಧಿ, ರಾಗಿ, ಆಲೂಗೆಡ್ಡೆ, ಯಾವ ವೇಷದಲ್ಲಿ ಹೋದ್ರೂ ಒಳಗೆ ಎಲ್ಲಾ ಸಕ್ಕರೇನೇ. ಹೊಟ್ಟೆಗೆ ಸೋಮವಾರ ಗೊತ್ತಿಲ್ಲ ನಂಜಪ್ಪ." ಈಗ ಕನ್ನಡಕ ತೆಗೆದರು, ಉಸಿರೂದಿದರು, ಒರೆಸಿದರು. "ತಪ್ಪು ನಂದೂ ಇದೆ. ಏನು ಬಿಡಿ ಅಂತ ಹೇಳ್ದೆ. ಏನು ತಿನ್ನಿ ಅಂತ ಹೇಳ್ಲೇ ಇಲ್ಲ."

ಆವತ್ತು ಹೊರಗೆ ಕಾಯುತ್ತಿದ್ದವರು ಕಾದರು. ರಾಯರು ಕೂತು ಒಂದು ಕಾಗದದ ಎರಡೂ ಕಡೆ ಬರೆದರು. ಸೊಪ್ಪು ಎಷ್ಟಾದರೂ. ಹುರುಳಿಕಾಯಿ, ಹೀರೆ, ಹಾಗಲ, ಬದನೆ, ಕೋಸು, ಮೂಲಂಗಿ ಹೊಟ್ಟೆ ತುಂಬ. ಮೊಸರು, ಮಜ್ಜಿಗೆ, ಕಾಯಿತುರಿ, ಒಂದು ಹಿಡಿ ಕಡಲೆಕಾಯಿ, ಮೊಳಕೆ ಬಂದ ಹೆಸರುಕಾಳು ಅಳತೆಯಲ್ಲಿ. ಹೊತ್ತಿಗೆ ನಿಂಬೆಹಣ್ಣಿನ ಗಾತ್ರದ ಒಂದು ರಾಗಿ ಮುದ್ದೆ, ಅಷ್ಟೇ. ಊಟ ಬದಲಾದಾಗ ಇನ್ಸುಲಿನ್ನೂ ಬದಲಾಗಬೇಕು ಎಂದು ಅದರ ಅಳತೆ ತಾವೇ ತಿದ್ದಿದರು. "ಇದನ್ನು ನೀವಾಗಿ ಏರಿಸೋದು ಇಳಿಸೋದು ಮಾಡಬೇಡಿ. ಮೈ ಬೆವೆತು ನಡುಕ ಬಂದ್ರೆ ತಕ್ಷಣ ಸಕ್ಕರೆ ನೀರು ಕುಡಿಸಿ ನನಗೆ ಹೇಳಿ ಕಳಿಸಿ. ಅಂಡರ್‌ಸ್ಟ್ಯಾಂಡ್?" ಅರ್ಥವಾಗಿತ್ತು. ಈ ಸಲ ಪೂರ್ತಿ.

ಅವ್ವನಿಗೆ ಹೇಳುವುದೇ ಕಷ್ಟವಾಯಿತು. ಅವಳು ಪೂರ್ತಿ ಕೇಳಿದಳು. ಒಳಗೆ ಹೋಗಿ, ಒಂದು ಚಿಟಿಕೆ ಅವಲಕ್ಕಿ ಬಾಯಿಗೆ ಹಾಕಿಕೊಂಡು ಬಂದು, ಅಡುಗೆಮನೆ ಹೊಸಲಿನ ಮೇಲೆ ಕೂತು ಅಗಿದಳು. ಬಹಳ ಹೊತ್ತು ಅಗಿದಳು. ನಾವಿಬ್ಬರೂ ಅವಳ ಮುಖ ನೋಡುತ್ತ ನಿಂತೆವು. ಸಿಹಿ ಬಂದದ್ದು ಅವಳ ಕಣ್ಣಲ್ಲಿ ಗೊತ್ತಾಯಿತು.

"ನನ್ನ ಕೈಯಾರೆ ಹಾಕ್ದೆನಲ್ಲೋ."

ಊರಿನವರೆಲ್ಲರ ದನಿ ಇದ್ದ ನನ್ನ ಹತ್ತಿರ ಆ ಮಾತಿಗೆ ಯಾವ ದನಿಯೂ ಇರಲಿಲ್ಲ. ಅಪ್ಪ ಕುಂಟುತ್ತ ಹೋಗಿ ಅವಳ ಪಕ್ಕ ಕೂತರು. "ತಿಂದೋನು ನಾನು ಕಣೇ ಗೌರಿ" ಎಂದರು. ಅಷ್ಟೇ. ಅವರ ಮಟ್ಟಿಗೆ ಅದು ದೊಡ್ಡ ಭಾಷಣ.

ಮರುದಿನದಿಂದ ಅವ್ವ ಹಟ ಹಿಡಿದಳು. ತಟ್ಟೆಯ ಭೂಪಟವೇ ಬದಲಾಯಿತು. ಮೊದಲು ನಡುವೆ ಅನ್ನದ ಬೆಟ್ಟ, ಅಂಚಿನಲ್ಲಿ ಹೆದರಿಕೊಂಡು ಕೂತ ಪಲ್ಯ. ಈಗ ನಡುವೆ ಪಲ್ಯದ ಬೆಟ್ಟ, ಉಪ್ಪಿನಕಾಯಿಯ ಜಾಗದಲ್ಲಿ ಒಂದು ಪುಟ್ಟ ಮುದ್ದೆ. ಅಪ್ಪ ಮೊದಲ ದಿನ ಅದನ್ನು ನೋಡಿ, "ದನಕ್ಕೆ ಹಾಕ್ದಂಗೆ ಹಾಕಿದೀಯಲ್ಲೇ" ಎಂದು ಏಳಲು ಹೋದರು. ಆಗ ಬಾಗಿಲ ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ಕನ್ನಡಕಕ್ಕೆ ಹಾ ಎಂದು ಉಸಿರೂದುವ ಸದ್ದು. "ನಂಜಪ್ಪಾ. ಬೆರಳು ಬೇಕೋ, ರೊಟ್ಟಿ ಬೇಕೋ? ಅಂಡರ್‌ಸ್ಟ್ಯಾಂಡ್?"

ಅಪ್ಪ ತಟ್ಟೆ ಹಿಡಿದುಕೊಂಡೇ ಎದ್ದು ನಿಂತರು. "ಬನ್ನಿ ಸ್ವಾಮಿ, ಒಳಗ್ ಬನ್ನಿ" ಎಂದು ಹೆಗಲ ಮೇಲಿನ ಟವಲು ಸರಿಮಾಡಿಕೊಂಡರು. ಬಾಗಿಲ ಸಂದಿಯಿಂದ ಬಂದದ್ದು ನನ್ನ ಮೂಗು. ಹೊಡೆಯುತ್ತಾರೆ ಎಂದು ಎರಡು ಹೆಜ್ಜೆ ಹಿಂದೆ ಸರಿದೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಕೂತರು. ಪಲ್ಯ ತಿಂದರು.

ಆಮೇಲೆ ಅದೇ ಪದ್ಧತಿಯಾಯಿತು. ಅವ್ವನೇ ಕಣ್ಸನ್ನೆ ಮಾಡುತ್ತಿದ್ದಳು, "ಡಾಕ್ಟ್ರನ್ನ ಕರಿಯೋ." ಅಪ್ಪನಿಗೆ ಗೊತ್ತು ಅದು ನಾನೇ ಎಂದು. ಆದರೂ ಆ ದನಿಗೆ ಗೌರವ ಕೊಡುತ್ತಿದ್ದರು. ನನ್ನ ಅಣಕಕ್ಕೆ ಅಷ್ಟು ಮರ್ಯಾದೆ ಸಿಕ್ಕಿದ್ದು ಬೇರೆಲ್ಲೂ ಇಲ್ಲ.

ಅವ್ವನ ಕೈಚಳಕದ್ದೇ ಒಂದು ಕಥೆ. ಎಲೆಕೋಸನ್ನು ಅಕ್ಕಿಯ ಅಗುಳಿನಷ್ಟು ಸಣ್ಣಗೆ ಹೆಚ್ಚಿ, ಆವಿಯಲ್ಲಿ ಬೇಯಿಸಿ, ಕಾಯಿತುರಿ ಉದುರಿಸಿ, ಅನ್ನದ ಹಾಗೆಯೇ ತಟ್ಟೆಗೆ ಹಾಕಿ ಮೇಲೆ ಬಿಸಿ ಸಾರು ಹುಯ್ದಳು. ಇಷ್ಟು ದಿನ ಅಕ್ಕಿ ವೇಷ ಹಾಕಿತ್ತಲ್ಲ, ಈಗ ಕೋಸಿನ ಸರದಿ. ಅಪ್ಪ ಕೈಯಲ್ಲಿ ಕಲಸಿ ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಪರವಾಗಿಲ್ಲ" ಎಂದರು. ಆ ಒಂದು ಮಾತಿಗೆ ಅವ್ವ ಅರ್ಧ ಗಂಟೆ ಕೋಸು ಹೆಚ್ಚಿದ್ದಳು. ಹೆಚ್ಚುವಾಗ ಅವಳ ಚಾಕು ಮಿಷನ್ನಿನ ಸೂಜಿಯ ಹಾಗೆ ಓಡುತ್ತಿತ್ತು. ಮನೆಯಲ್ಲಿ ಪೆಡಲಿನ ಸದ್ದು ನಿಂತ ಜಾಗಕ್ಕೆ ಅದು ಬಂದಿತ್ತು.

ಮೂರನೆಯ ಬೆಳಗ್ಗೆ ಟ್ಯೂಬು ಹಿಡಿದು ಕಾಯಿಸಿದೆ. ನೀಲಿ, ಹಸಿರು, ಹಳದಿ... ಕೆಂಪಿಗೆ ಕಾದೆ.

ಬರಲಿಲ್ಲ.

ಅರಿಶಿನದ ಬಣ್ಣದಲ್ಲೇ ನಿಂತುಬಿಟ್ಟಿತು. ಬಚ್ಚಲಿನಿಂದ ಕೂಗಿಕೊಂಡು ಓಡಿಬಂದೆ. ಅಪ್ಪ ಗಂಟು ಬಿಚ್ಚಿ ಹಳದಿ ಚೂರು ಹುಡುಕಿದರು. ಅವರ ಕೈ ನಡುಗುತ್ತಿತ್ತು. ಬೆವರಿದ್ದಾರಾ ಎಂದು ಹಣೆ ಮುಟ್ಟಿ ನೋಡಿದೆ. ಇಲ್ಲ. ಅದು ಬೇರೆ ನಡುಕ.

ಆ ವಾರದ ಕೊನೆಗೆ ರಾಯರು ಬೆರಳು ನೋಡಿ, "ಸರ್ಜನ್ ಕಾಯಲಿ" ಎಂದರು.

ಅದೇ ದಿನಗಳಲ್ಲಿ ನಂಜನಗೂಡಿನ ಕಡೆಯಿಂದ ದೊಡ್ಡಪ್ಪ ಬಂದರು. ಅಪ್ಪನ ಅಣ್ಣ. ಹೆಗಲ ಮೇಲೆ ರಸಬಾಳೆಯ ಗೊನೆ. ಹಣ್ಣಿನ ಪರಿಮಳ ಅವರಿಗಿಂತ ಮೊದಲೇ ಮನೆಯೊಳಗೆ ಬಂತು.

"ಒಂದ್ ಹಣ್ ತಿಂದ್ರೆ ಏನಾದದು ಬುಡ್ಲಾ. ಡಾಕ್ಟ್ರುಗಳು ಹಂಗೇ ಅಂತರೆ. ನಮ್ಮಪ್ಪ ಎಂಬತ್ ವರ್ಸ ಬದುಕ್ಲಿಲ್ವಾ?"

ಇದಕ್ಕೆ ಡಾಕ್ಟರನ್ನು ಕರೆಯಲೇಬೇಕು ಎಂದು ನಾನು ಬಾಗಿಲ ಹಿಂದೆ ಸರಿಯುತ್ತಿದ್ದೆ. ಅಪ್ಪ ಕೈ ಎತ್ತಿ ನನ್ನನ್ನು ತಡೆದರು. ಗೊನೆಯಿಂದ ಒಂದು ಹಣ್ಣು ಕಿತ್ತುಕೊಂಡರು. ಮೂಗಿನ ಹತ್ತಿರ ಹಿಡಿದು ಆಳವಾಗಿ ಉಸಿರೆಳೆದರು. ನಿಧಾನವಾಗಿ ಸುಲಿದರು.

ಹಣ್ಣನ್ನು ನನ್ನ ಕೈಗಿಟ್ಟರು.

"ನೀನು ತಿನ್ನು. ನಾನು ನೋಡ್ತೀನಿ."

ಅವರ ಕಣ್ಣೆದುರು ಆ ಹಣ್ಣು ತಿಂದೆ. ಜೀವನದಲ್ಲಿ ಅಷ್ಟು ಕಷ್ಟಪಟ್ಟು ಯಾವುದನ್ನೂ ನುಂಗಿಲ್ಲ. ಅವರು ನೋಡಿದರು, ಕೈ ಒರೆಸಿಕೊಂಡರು, "ಚೆನ್ನಾಗಿತ್ತಾ?" ಎಂದು ಕೇಳಿದರು. ನಾನು ಆವತ್ತಿನವರೆಗೆ ಅಪ್ಪನನ್ನು ಮಾತು ಬಾರದ ಮನುಷ್ಯ ಎಂದೇ ತಿಳಿದಿದ್ದೆ. ಅವರ ಮೌನದೊಳಗೆ ಇಷ್ಟು ಗಟ್ಟಿಯಾದದ್ದು ಏನೋ ಕೂತಿದೆ ಎಂದು ನನಗೆ ಹೊಳೆದಿರಲಿಲ್ಲ. ದೊಡ್ಡಪ್ಪ ತಲೆಬಾಗಿಸಿ ಗೊನೆಯನ್ನು ಅವ್ವನ ಕೈಗೆ ಕೊಟ್ಟು, "ಬೀದಿ ಮಕ್ಕಳಿಗೆ ಹಂಚ್ಬುಡವ್ವ" ಎಂದರು.

ದಾರದ ಮೇಲೆ ಹಳದಿಯ ಪಕ್ಕ ಹಸಿರು ಬಂತು. ಅಪ್ಪ ಅದನ್ನು "ಮಿಲಿಟರಿ ಹಸಿರು" ಎಂದರು. ಆಮೇಲೆ ತಿಳಿಹಸಿರು. ಒಂದು ದಿನ 'ಹಬ್ಬ ತಾನೆ' ಎಂದು ಅವ್ವ ಕರಗಿ ಎರಡು ಕಡುಬು ಕೊಟ್ಟಳು. ಮರುದಿನ ಬೆಳಗ್ಗೆ ಟ್ಯೂಬು ನೋಡಿ ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಡುಬಿನ ಲೆಕ್ಕಕ್ಕೊಂದು ಕೆಂಪು ಚೂರು ಏರಿತು.

ಹೀಗೇ ಭಾದ್ರಪದವೂ ಅರ್ಧ ಕಳೆದ ಮೇಲೆ ಒಂದು ಬೆಳಗ್ಗೆ ಕಾಯಿಸಿದೆ, ಕುದಿಯಿತು, ಗುಳ್ಳೆ ಬಂತು, ಏನೂ ಆಗಲಿಲ್ಲ. ಹಾಕಿದ ನೀಲಿ ನೀಲಿಯಾಗಿಯೇ ಇತ್ತು. ಮೂತ್ರ ಹಾಕುವುದನ್ನೇ ಮರೆತೆನೋ ಎಂದು ಮತ್ತೊಮ್ಮೆ ಮಾಡಿದೆ. ನೀಲಿ. ಏನೂ ಆಗದೇ ಇರುವುದು ಇಷ್ಟು ದೊಡ್ಡ ಘಟನೆಯಾಗಬಹುದು ಎಂದು ಯಾರು ಬಲ್ಲರು? ಬಚ್ಚಲಿನ ಹಂಚಿನ ಸಂದಿಯಿಂದ ಬಿಸಿಲು ಆ ಟ್ಯೂಬಿನೊಳಗೆ ಇಳಿದಿತ್ತು. ನಾನು ಹಾಗೇ ಕೂತು ನೋಡಿದೆ. ಕೂಗಬೇಕು ಅನ್ನಿಸಲಿಲ್ಲ.

ಅಪ್ಪ ನೀಲಿ ಚೂರು ಕತ್ತರಿಸುವಾಗ, "ಸ್ಕೂಲು ಹುಡುಗೀರ ಲಂಗದ ಬಣ್ಣ" ಎಂದು ಮೆಲ್ಲಗೆ ಹೇಳಿದರು.

ಬೆರಳಿನ ಕಪ್ಪು ಅಂಚು ಒಣಗಿ ಸಿಪ್ಪೆಯಾಗಿ ಬಿತ್ತು. ಕೆಳಗೆ ಹೊಸ ಚರ್ಮ. ಎಳೆಮಗುವಿನದರ ಹಾಗೆ ಗುಲಾಬಿ. ಐವತ್ತೆರಡು ವರ್ಷದ ಕಾಲಿನಲ್ಲಿ, ಸೊಪ್ಪು ಕೋಸು ತಿಂದು ಕೂತ ಮೈ, ಯಾರೂ ಕಲಿಸದೆ, ಅಂಚಿನಿಂದ ನಡುವಿಗೆ, ಎಳೆ ಎಳೆಯಾಗಿ ತನ್ನನ್ನು ತಾನೇ ಹೊಲಿದುಕೊಂಡಿತ್ತು. ಅಪ್ಪ ಅದನ್ನು ಬಗ್ಗಿ ನೋಡಿ, "ಹೊಲಿಗೆ ಕಾಣಿಸ್ತಾನೇ ಇಲ್ವಲ್ಲೋ" ಎಂದರು. ಒಬ್ಬ ಟೈಲರು ಇನ್ನೊಬ್ಬ ಟೈಲರಿಗೆ ಇದಕ್ಕಿಂತ ದೊಡ್ಡ ಮಾತು ಹೇಳಲಾರ.

ರಾಯರು ಪೆಡಲಿಗೆ ಅಪ್ಪಣೆ ಕೊಟ್ಟರು, ಬರಿಗಾಲಲ್ಲಿ ಮಾತ್ರ ಕೂಡದು ಎಂದರು. ಅಪ್ಪ ಕೋಟಿನ ಬಟ್ಟೆಯಿಂದ ತಮಗೇ ಒಂದು ಜೊತೆ ಮೆತ್ತನೆಯ ಪಾದರಕ್ಷೆ ಕೈಯಲ್ಲಿ ಹೊಲಿದುಕೊಂಡು, ದಸರಾಕ್ಕೆ ಮುಂಚೆ ಮಿಷನ್ನಿಗೆ ಕೂತರು. ಮೊದಲು ಹೊಲಿದದ್ದು ಗಿರಾಕಿಯದಲ್ಲ. ದಾರದ ಮೇಲಿದ್ದ ಚೂರುಗಳನ್ನೆಲ್ಲ ಬಿಚ್ಚಿ, ಕೆಂಪಿನಿಂದ ನೀಲಿಯವರೆಗೆ ಸಾಲಾಗಿ ಕೂಡಿಸಿ, ಒಂದು ಚೀಲ ಮಾಡಿದರು. ನಡುವಿನ ಕಡುಬಿನ ಕೆಂಪನ್ನೂ ಬಿಡಲಿಲ್ಲ. ಆ ಚೀಲದಲ್ಲಿ ಈಗ ಅವ್ವನ ಕೈಗನ್ನಡಿ ಇರುತ್ತದೆ. ಬೆರಳಿಗೆ ಸ್ಪರ್ಶ ಇನ್ನೂ ತಿರುಗಿ ಬಂದಿಲ್ಲ. ಬರುತ್ತದೋ ಇಲ್ಲವೋ ರಾಯರೂ ಹೇಳುವುದಿಲ್ಲ. ಮೈ ಹೇಳದೇ ಇರುವುದನ್ನು ಕಣ್ಣಿನಿಂದ ಕೇಳಿಕೊಳ್ಳಬೇಕು. ಅದಕ್ಕೆ ದಿನಾ ಸಂಜೆ ಅಪ್ಪ ಹಿತ್ತಲ ಕಲ್ಲಿನ ಮೇಲೆ ಕೂತು, ಅಂಗಾಲಿನ ಕೆಳಗೆ ಕನ್ನಡಿ ಹಿಡಿದು, ಅಳತೆ ತೆಗೆಯುವ ಹಾಗೆ ಇಂಚಿಂಚು ನೋಡುತ್ತಾರೆ. ಕಾಯಿಲೆ ಹೋಗಿಲ್ಲ. ಇವತ್ತು ಬೆಳಗ್ಗೆ ಮತ್ತೆ ತಿಳಿಹಸಿರು ಬಂದಿತ್ತು. ಇನ್ಸುಲಿನ್ ಕಡಿಮೆಯಾಗಿದೆ, ನಿಂತಿಲ್ಲ. ಕಾಲಿದೆ. ಪೆಡಲಿದೆ.

ಹೋದ ವಾರ ಒಂದು ಸಂಜೆ ನಾನು ಒಳಗೆ ಕೂತು ಕಾಜಾ ಹಾಕುತ್ತಿದ್ದೆ. ಅಪ್ಪ ಹಿತ್ತಲಲ್ಲಿದ್ದರು. ಅಭ್ಯಾಸಬಲ, ಕೆಮ್ಮಿ ರಾಯರ ದನಿಯಲ್ಲಿ ಕೂಗಿದೆ: "ನಂಜಪ್ಪಾ, ಕಾಲು ನೋಡ್ಕೊಂಡ್ರಾ? ಅಂಡರ್‌ಸ್ಟ್ಯಾಂಡ್?"

ಹಿತ್ತಲಿನಿಂದ ಒಂದು ದನಿ ಬಂತು. ಹೆದರಿದ, ಸ್ವಲ್ಪ ಬಿರಿದ, ಕೊನೆಯ ಮಾತಿನಲ್ಲಿ ಮೇಲೇರುವ ದನಿ.

"ಅಪ್ಪಾಜಿ, ಕಾಲಲ್ಲಿ ಸೂಜಿ ಅದೆ."

ನನ್ನ ದನಿ. ಅಚ್ಚುಕಟ್ಟಾಗಿ ನನ್ನದೇ.

ಬಟ್ಟೆ, ಸೂಜಿ, ಗುಂಡಿಯ ಡಬ್ಬಿ ಎಲ್ಲ ಚೆಲ್ಲಿ ಓಡಿದೆ. ಅಪ್ಪ ಕಲ್ಲಿನ ಮೇಲೆ ಕೂತಿದ್ದರು. ಕನ್ನಡಿಯಲ್ಲಿ ಅಂಗಾಲು ಶುಭ್ರವಾಗಿ ಹೊಳೆಯುತ್ತಿತ್ತು. ಸೂಜಿ ಇರಲಿಲ್ಲ, ಏನೂ ಇರಲಿಲ್ಲ. ಅವ್ವ ಒಗೆಯುವ ಕಲ್ಲಿಗೆ ಒರಗಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಅಪ್ಪ ನಗಲಿಲ್ಲ. ಅವರು ಯಾವತ್ತು ನಕ್ಕಿದ್ದಾರೆ? ನನ್ನ ಗಂಟಲು ಎಲ್ಲಿಂದ ಬಂದದ್ದು ಎಂದು ಇಪ್ಪತ್ತೆರಡು ವರ್ಷಕ್ಕೆ ಗೊತ್ತಾಗಿ, ನಾನು ಬಾಯಿ ಬಿಟ್ಟುಕೊಂಡು ನಿಂತೆ.

ಅವರು ಕನ್ನಡಿಯನ್ನು ಚೀಲಕ್ಕೆ ಹಾಕಿದರು. ಕಾಲು ಮುಂದೆ ಚಾಚಿದರು.

"ತಮಾಷೆ ಸಾಕು" ಎಂದರು. "ನೀರು ಹುಯ್ಯಿ."

ಹುಯ್ದೆ.